ಲಂಡನ್ನಿನ ಮೂರು ಗಂಟೆ

ಧಾರವಾಡದ ಮಾಳಮಡ್ಡಿಯಲ್ಲಿ ಗೋದಾಬಾಯಿಗೆ 'ಲೆಕ್ಕದ ಬಾಯಾರು' ಎಂದೇ ಹೆಸರು. ಹೆಣ್ಣುಮಕ್ಕಳ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಅಂಕಗಣಿತ ಕಲಿಸುತ್ತಿದ್ದಳು. ಅವಳ ಗಂಡ ಏಕನಾಥ ರೇಲ್ವೆಯ ತಾರಾಫೀಸಿನಲ್ಲಿ ಕಾರಕೂನನಾಗಿದ್ದ. ಮದುವೆಯಾದ ಹೊಸದರಲ್ಲಿ ಅವನು ಊಟಕ್ಕೆ ಕುಳಿತು, ಮುಂಬಯಿಯವರು ತಮ್ಮೂರಿನ ಗಡಿಯಾರವನ್ನು ರೇಲ್ವೆಗಿಂತ ಮೂವತ್ತೊಂಬತ್ತು ಮಿನೀಟು ಹಿಂದೆ ಇಟ್ಟುಕೊಂಡಿರುವುದನ್ನೂ, ಇಲ್ಲಿ ದೀಪ ಹಚ್ಚುವಾಗ ಲಂಡನ್ನಿನಲ್ಲಿ ಮಧ್ಯಾಹ್ನದ ಊಟ ನಡೆದಿರುವುದನ್ನೂ ಹೇಳುತ್ತಿದ್ದ. ಹದಿನೇಳರ ಹುಡುಗಿಗೆ ಅದೆಲ್ಲ ಕಥೆಯಂತೆ ಕೇಳುತ್ತಿತ್ತು. ಸಾರು ಬಡಿಸುತ್ತ ಒಂದೊಂದೇ ಪ್ರಶ್ನೆ ಕೇಳಿ, ಮರುದಿನ ತಾನೇ ಲೆಕ್ಕ ಹಾಕಿ ಅವನಿಗೆ ಒಪ್ಪಿಸುತ್ತಿದ್ದಳು.

ಏಕನಾಥ ವಿಷಮಜ್ವರದಿಂದ ತೀರಿಕೊಂಡಾಗ ಅವಳಿಗೆ ಇಪ್ಪತ್ಮೂರು. ವರುಷಾಂತಿಕ ಮುಗಿದ ಮರುವಾರ ಅತ್ತೆ ಅಂಬಾಬಾಯಿ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು, "ನಿನಗ ಲೆಕ್ಕ ಛಲೋ ಬರ್ತದ. ಟ್ರೇನಿಂಗ್ ಕಾಲೇಜಿಗೆ ಹೆಸರು ಹಚ್ಚು. ಯಾರರೆ ಏನರೆ ಅಂದ್ರ ನನ್ನ ಕಡೆ ಕಳಸು" ಅಂದಳು. ಅಂದ ಮಂದಿಯನ್ನು ಅತ್ತೆ ಹೇಗೆ ನೋಡಿಕೊಂಡಳೋ, ಗೋದಾಬಾಯಿಯ ಕಿವಿಯವರೆಗೆ ಒಂದು ಮಾತೂ ಬರಲಿಲ್ಲ. ಅಂದಿನಿಂದ ಹದಿನೈದು ವರ್ಷ ಅತ್ತೆ ಸೊಸೆ ಇಬ್ಬರೇ, ಸ್ಟೇಶನ್ನಿನ ಹತ್ತಿರದ ಎರಡು ಖೋಲಿಯ ಮನೆಯಲ್ಲಿ ಹಿತವಾಗಿಯೇ ಇದ್ದರು.

ಸಾವಿರದ ಒಂಬೈನೂರ ನಲವತ್ತೆರಡರ ಸಪ್ಟೆಂಬರಿನಲ್ಲಿ ಸರಕಾರ ಯುದ್ಧದ ಕಾರಣ ಹೇಳಿ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ತಿರುಗಿಸಿತು. ಕಚೇರಿ, ಸಾಲೆ, ರೈಲು ಎಲ್ಲವೂ ಹೊಸ ಟೈಮಿಗೆ ನಡೆದವು. ಅಂಬಾಬಾಯಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಸೂರ್ಯ ಎಲ್ಲೆ ಇದ್ದಾನೋ ಅದ ನನ್ನ ಟೈಮು" ಎಂದು ಅಂಗಳದ ನೆರಳು ನೋಡಿಯೇ ಅಡಿಗೆಗೆ ಇಡುತ್ತಿದ್ದಳು. ಗೋದಾಬಾಯಿ ದಿನಾಲೂ ಅತ್ತೆಯ ಹತ್ತು ಗಂಟೆ ಅಂದರೆ ಸಾಲೆಯ ಹನ್ನೊಂದು ಎಂದು ಎಣಿಸಿಕೊಂಡು ಓಡುತ್ತಿದ್ದಳು.

ಮರುವರ್ಷ ಮಾರ್ಚಿನ ಒಂದು ದಿನ ಗುಲಾಬಸಾಬ ಬಾಗಿಲಿಗೆ ಬಂದ. ಹಳೇ ಹುಬ್ಬಳ್ಳಿಯವನು. ತಿಂಗಳಿಗೊಮ್ಮೆ ಧಾರವಾಡಕ್ಕೆ ಬಂದು ಓಣಿಯ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿ ಹೋಗುತ್ತಿದ್ದ. ಅವತ್ತು ತಿದಿ, ಇದ್ದಲಿ ಯಾವುದನ್ನೂ ತಂದಿರಲಿಲ್ಲ. ಅಂಗಿಯ ಒಳಕಿಸೆಯಿಂದ ಒಂದು ಕಾಗದ ತೆಗೆದ.

"ಬಾಯಾರ, ಇದನ್ನೊಂದೀಟು ಓದಿ ಹೇಳ್ರಿ. ವಿಲಾಯತಿಯಿಂದ ಬಂದೈತಿ."

ಅವನ ಮಗ ಗೌಸಮೊದ್ದೀನ ಹುಬ್ಬಳ್ಳಿಯ ಒಂದು ಕಾರಖಾನೆಯಲ್ಲಿ ಫಿಟರ್ ಆಗಿದ್ದವನು. ಯುದ್ಧದ ಕೆಲಸ ಕಲಿಯಲಿಕ್ಕೆಂದು ಸರಕಾರ ಆರಿಸಿ ಕಳಿಸಿದ ಹುಡುಗರ ಜೊತೆ ಇಂಗ್ಲೆಂಡಿಗೆ ಹೋಗಿ ಏಳು ತಿಂಗಳಾಗಿತ್ತು. ಹಡಗು ಮುಟ್ಟಿದ ಸುದ್ದಿಯ ನಂತರ ಮನೆಗೆ ಬಂದದ್ದು ಎರಡೇ ಕಾಗದ.

ಗೋದಾಬಾಯಿ ಟೈಪು ಮಾಡಿದ ಇಂಗ್ಲಿಷ್ ಸಾಲುಗಳನ್ನು ಎರಡು ಸಲ ಓದಿದಳು. ಮುಖ ಅರಳಿತು. "ನಿಮ್ಮ ಮಗನ ದನಿ ರೇಡಿಯೋದಾಗ ಬರ್ತದಂತ, ಗುಲಾಬಸಾಬ! ಏಪ್ರಿಲ್ ನಾಲ್ಕು, ರವಿವಾರ. ಅಲ್ಲಿರೋ ನಮ್ಮ ಹುಡುಗರು ತಮ್ಮ ಮನಿ ಮಂದಿಗೆ ನಾಲ್ಕು ಮಾತು ಹೇಳ್ತಾರಂತ. ಲಂಡನ್ನಿನ ಗಡಿಯಾರದಾಗ ಮಧ್ಯಾಹ್ನ ಮೂರಕ್ಕ ಸುರು, ಕಾಲು ತಾಸಿಗೆ ಮುಗೀತದ."

ಗುಲಾಬಸಾಬ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಅವರ ಮೂರು ಅಂದ್ರ ನಮ್ಮಲ್ಲೆ ಎಷ್ಟ್ರಿ?" ಎಂದು ಕೇಳಿದ.

ಅವಳಿಗೆ ಅದು ಕಷ್ಟದ ಲೆಕ್ಕವಲ್ಲ. ನಾವು ಲಂಡನ್ನಿಗಿಂತ ಐದೂವರೆ ತಾಸು ಮುಂದೆ. ಯುದ್ಧ ಅಂತ ಅವರು ಗಡಿಯಾರ ಒಂದು ತಾಸು ಮುಂದೆ ಹಾಕಿದ್ದಾರೆ, ನಾವೂ ಹಾಕಿದ್ದೇವೆ. ಅಂತರ ಅಷ್ಟೇ ಉಳಿಯಿತು. "ರಾತ್ರಿ ಎಂಟೂವರಿ. ಹಳೇ ಟೈಮಿನವರಿಗೆ ಏಳೂವರಿ" ಅಂದಳು. ಗುಲಾಬಸಾಬ ಆ ಎರಡು ಅಂಕಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಸ್ಟೇಶನ್ನಿನ ಕಡೆ ನಡೆದ.

ಏಪ್ರಿಲ್ ನಾಲ್ಕರ ಮಧ್ಯಾಹ್ನ ಗೋದಾಬಾಯಿ ಊಟ ಮುಗಿಸಿ ನೆರೆಮನೆಯ ತ್ರ್ಯಂಬಕರಾಯರು ಓದಿ ಕಳಿಸಿದ ಮುಂಬಯಿಯ ಪತ್ರಿಕೆ ಬಿಡಿಸಿದಳು. ಹಿಂದಿನ ದಿನದ್ದು. ಮೂರನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲು: ಇಂಗ್ಲೆಂಡಿನಲ್ಲಿ ರವಿವಾರ ನಸುಕಿನಿಂದ ಗಡಿಯಾರಗಳನ್ನು ಇನ್ನೂ ಒಂದು ತಾಸು ಮುಂದೆ ಹಾಕಲಾಗುವುದು, ಬೇಸಿಗೆ ಮುಗಿಯುವವರೆಗೆ ಇದೇ ವೇಳೆ ಇರುವುದು.

ರವಿವಾರವೆಂದರೆ ಇವತ್ತೇ.

"ಅತ್ಯಾ, ನಾ ಗುಲಾಬಸಾಬಗ ತಪ್ಪು ಹೇಳೀನಿ."

ಅಂಬಾಬಾಯಿ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿ, "ಅವರ ಮೂರು ಮೊದಲs ಬರ್ತದೋ, ಆಮ್ಯಾಲೆ ಬರ್ತದೋ?" ಎಂದಳು.

"ಮೊದಲs ಬರ್ತದ ಅನಸ್ತದ. ತಲಿ ಓಡವಲ್ದು."

"ಹಂಗಿದ್ರ ಇಲ್ಲೆ ಕೂತು ಏನ ಮಾಡ್ತಿ? ನಾಲ್ಕರ ಗಾಡಿ ಹಿಡಿ."

"ಹಳೇ ಹುಬ್ಬಳ್ಳಿಗೆ, ನಾ ಒಬ್ಬಾಕಿನ?"

"ಪಾಪ, ವರ್ಷಗಟ್ಟಲೆ ನಮ್ಮ ಮನಿ ಭಾಂಡಿ ಬೆಳಗ್ಯಾನ. ಛತ್ರಿ ತಗೊಂಡ ಹೋಗು. ರಾತ್ರಿ ಹುಬ್ಬಳ್ಳಿ ಸ್ಟೇಶನ್ ಓಣಿಯೊಳಗ ನಿನ್ನ ಅಕ್ಕನ ಮನ್ಯಾಗ ಉಳಿ."

ಗಾಡಿಯಲ್ಲಿ ಹೆಂಗಸರ ಡಬ್ಬಿಯ ಕಿಟಕಿಯ ಪಕ್ಕ ಕುಳಿತು ಗೋದಾಬಾಯಿ ಮತ್ತೆ ಮತ್ತೆ ಎಣಿಸಿದಳು. ಒಮ್ಮೆ ಏಳೂವರೆ ಬಂತು. ಇನ್ನೊಮ್ಮೆ ಗಾಬರಿಯಲ್ಲಿ ಒಂಬತ್ತೂವರೆ ಬಂತು. ಕೂಡಬೇಕೋ, ಕಳೆಯಬೇಕೋ? ಸಾಲೆಯಲ್ಲಿ ಹುಡುಗಿಯರು ಇದೇ ತಪ್ಪು ಮಾಡಿದರೆ ಅವಳು ಗದರುತ್ತಿದ್ದಳು. ನವಲೂರು ದಾಟುವಾಗ ಅತ್ತೆಯ ಅಂಗಳದ ನೆರಳು ನೆನಪಾಯಿತು. ಎರಡೂ ಸರಕಾರಗಳ ಗಡಿಯಾರ ಬದಿಗಿಟ್ಟು ಸೂರ್ಯನನ್ನೇ ಹಿಡಿದರೆ? ಲಂಡನ್ನಿನ ಗಡಿಯಾರ ಈಗ ಸೂರ್ಯನಿಗಿಂತ ಎರಡು ತಾಸು ಮುಂದೆ ಓಡುತ್ತಿದೆ. ಅದು ಮೂರು ತೋರಿಸಿದಾಗ ಖರೆಯ ವೇಳೆ ಒಂದು ಗಂಟೆ. ಒಂದಕ್ಕೆ ಐದೂವರೆ ಕೂಡಿಸಿದರೆ ಇಲ್ಲಿ ಹಳೇ ಟೈಮಿನ ಆರೂವರೆ. ಅದಕ್ಕೆ ನಮ್ಮ ಸರಕಾರದ ಒಂದು ತಾಸು ಕೂಡಿಸಿದರೆ ಏಳೂವರೆ. ಈ ಸಲ ಎದೆ ಹಗುರವಾಯಿತು.

ಹುಬ್ಬಳ್ಳಿಯಲ್ಲಿ ಟಾಂಗಾ ಮಾಡಿಕೊಂಡು, ದಾರಿ ಕೇಳುತ್ತ ಕೇಳುತ್ತ ಗುಲಾಬಸಾಬನ ಮನೆ ಮುಟ್ಟುವಾಗ ಹೊಸ ಟೈಮಿನ ಆರು ಗಂಟೆ ಆಗಿತ್ತು. ಅವನ ಹೆಂಡತಿ ಹುಸೇನಬಿ ಒಲೆಯ ಮುಂದಿದ್ದಳು. ಎಂಟಕ್ಕೆ ನೆಂಟರೆಲ್ಲ ಬರುವವರಿದ್ದರು.

"ಒಂದು ತಾಸು ಮೊದಲs ಬರ್ತದ್ರಿ, ಏಳೂವರಿಗೆ. ನಂದs ತಪ್ಪು" ಎಂದು ಗೋದಾಬಾಯಿ ಹೊಸ್ತಿಲಲ್ಲಿ ನಿಂತೇ ಹೇಳಿದಳು.

ಹುಸೇನಬಿ ಗಡಿಗೆ ಇಳಿಸಿ ಕೈ ಒರೆಸಿಕೊಂಡಳು. ಗುಲಾಬಸಾಬ ಆಗಲೇ ಚಪ್ಪಲಿ ಮೆಟ್ಟಿದ್ದ.

ರೇಡಿಯೊ ಇದ್ದದ್ದು ಓಣಿಯ ತುದಿಯ ಹತ್ತಿ ದಲಾಲ ಗುರುಶಿದ್ದಪ್ಪನ ಅಂಗಡಿಯಲ್ಲಿ. ಆ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ರೇಡಿಯೊ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಗುರುಶಿದ್ದಪ್ಪ ಒಳ್ಳೆಯವನೇ, ಆದರೆ ಸುಮ್ಮನೆ ಒಪ್ಪುವ ಮನುಷ್ಯನಲ್ಲ.

"ಮೊನ್ನಿ ಎಂಟೂವರಿ ಅಂದ್ರಿ. ಇವತ್ತು ಏಳೂವರಿ ಅಂತೀರಿ. ಬ್ಯಾಟರ್‍ಯಾಗ ಉಳದದ್ದು ಬಾಳಂದ್ರ ಅರ್ಧಾ ತಾಸಿಂದು. ಚಾರ್ಜಿಗೆ ಕಳಸಿದ್ರ ಮಂಗಳವಾರಕ್ಕ ಬರತೈತಿ. ಎರಡೂ ಸಲ ಹಚ್ಚಾಕ ಆಗಂಗಿಲ್ರಿ ಬಾಯಾರ. ಯಾವುದಾರ ಒಂದು ಹೇಳ್ರಿ."

ಎಲ್ಲರೂ ಅವಳ ಮುಖ ನೋಡಿದರು. ಗೋದಾಬಾಯಿ ಕತ್ತರಿಸಿ ತಂದಿದ್ದ ಪತ್ರಿಕೆಯ ತುಣುಕನ್ನು ರೊಕ್ಕದ ಗಲ್ಲೆಯ ಮೇಲಿಟ್ಟಳು. "ಹಿಂದ ನಾವು ಐದೂವರಿ ಹೆಜ್ಜಿ ಮುಂದ ಇದ್ವಿ ಅಂತ ತಿಳೀರಿ. ಅವರು ಒಂದು ಹೆಜ್ಜಿ ಮುಂದ ಬಂದ್ರು, ನಾವೂ ಒಂದು ಇಟ್ವಿ. ಅಂತರ ಅಷ್ಟs ಇತ್ತು. ಇವತ್ತು ಅವರು ಇನ್ನೊಂದು ಹೆಜ್ಜಿ ಇಟ್ಟಾರ, ನಾವು ನಿಂತಲ್ಲೇ ಇದ್ದೀವಿ. ಈಗ ಅಂತರ ನಾಲ್ಕೂವರಿ. ಮೂರಕ್ಕ ನಾಲ್ಕೂವರಿ ಕೂಡಿಸ್ರಿ."

ಗುರುಶಿದ್ದಪ್ಪ ಬೆರಳು ಮಡಚಿ ಎಣಿಸಿದ. "ಏಳೂವರಿ" ಅಂದ. ಆಮೇಲೆ ಗುಲಾಬಸಾಬನ ಕಡೆ ತಿರುಗಿ, "ಮಗಾ ನಿಂದು. ನೀ ಹೇಳು" ಅಂದ.

"ತಪ್ಪು ಹೇಳೀನಿ ಅಂತ ಹೇಳಾಕ ಧಾರವಾಡದಿಂದ ಇಲ್ಲೀ ಮಟ ಬಂದಾರ" ಎಂದ ಗುಲಾಬಸಾಬ. "ಅವರು ಹೇಳಿದಾಗ ಹಚ್ರಿ, ಸಾವಕಾರ."

ಗಲ್ಲೆಯ ಮೇಲಿನ ಗಡಿಯಾರ ಹಳೇ ಟೈಮಿನದು. ಅದರಲ್ಲಿ ಆರು ಇಪ್ಪತ್ತೈದು ಆದಾಗ ಗುರುಶಿದ್ದಪ್ಪ ರೇಡಿಯೊದ ಗುಂಡಿ ತಿರುಗಿಸಿದ. ಸಿಳ್ಳು, ಗರಗರ, ಯಾವುದೋ ದೇಶದ ಬ್ಯಾಂಡು. ಸುದ್ದಿ ತಿಳಿದ ನೆರೆಯವರು ಏಳೆಂಟು ಮಂದಿ ಮೆಟ್ಟಿಲ ಮೇಲೆ ಬಂದು ನಿಂತರು. ಹುಸೇನಬಿ ಸೆರಗು ಬಾಯಿಗೊತ್ತಿ ಒಳಗೆ ಚಾಪೆಯ ಮೇಲೆ ಕುಳಿತಳು. ಗೋದಾಬಾಯಿ ಅವಳ ಪಕ್ಕದಲ್ಲಿ. ಆರೂವರೆ ಆಯಿತು. ಬ್ಯಾಂಡು ನಿಲ್ಲಲಿಲ್ಲ. ಮತ್ತೊಂದು ಮಿನೀಟು. ಗೋದಾಬಾಯಿ ಬೆರಳ ಮೇಲೆ ಲೆಕ್ಕವನ್ನು ಮತ್ತೊಮ್ಮೆ ಎಣಿಸಿದಳು. ಗುರುಶಿದ್ದಪ್ಪ ಅವಳತ್ತ ನೋಡಿದ.

ಬ್ಯಾಂಡು ಥಟ್ಟನೆ ನಿಂತಿತು. ಹಿಂದೂಸ್ತಾನಿಯಲ್ಲಿ ಒಂದು ಗಂಡುದನಿ, ಇನ್ನು ನಮ್ಮ ಹುಡುಗರು ಮಾತಾಡುವರು ಎಂದು ಹೇಳಿತು.

ಮೊದಲು ಪಂಜಾಬಿನ ಒಬ್ಬ. ಆಮೇಲೆ ಬಂಗಾಲದವನು, ಅವನ ಮಾತು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಬಾಂಗು ಶುರುವಾಯಿತು. ಗುಲಾಬಸಾಬ ಕಣ್ಣು ಮುಚ್ಚಿದ. ಬಾಂಗು ಮುಗಿದು ಒಂದು ಉಸಿರಿನಷ್ಟು ಹೊತ್ತಾಗಿತ್ತೋ ಇಲ್ಲವೋ, ರೇಡಿಯೊದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ನಮ್ಮ ಗೌಸ್ಯಾ!" ಎಂದಳು ಹುಸೇನಬಿ. ಹೆಸರು ಹೇಳುವ ಮೊದಲೇ ಅವಳಿಗೆ ಗುರುತು ಸಿಕ್ಕಿತ್ತು.

"ಅಬ್ಬಾ, ಅಮ್ಮಾ, ಸಲಾಮ್. ನಾ ಆರಾಮ ಅದೇನಿ. ಇಲ್ಲೆ ಥಂಡಿ ಭಾಳ ಐತಿ, ಆದ್ರ ಎರಡು ಕಂಬಳಿ ಕೊಟ್ಟಾರ. ಲೇಥ್ ಮಶೀನು ಪೂರಾ ಕಲತೆ. ಅಮ್ಮಾ, ನಿದ್ದಿಗೆಟ್ಟು ಕೂಡಬ್ಯಾಡ. ಮಾವನ ಮಗಳ ಲಗ್ನ ನಾ ಬರೂ ತನಕಾ ನಿಲ್ಲಿಸ್ರಿ, ಬಿರ್ಯಾನಿ ತಪ್ಪಿಸಬ್ಯಾಡ್ರಿ..."

ಯಾರೋ ಅವನನ್ನು ತಡೆದಂತಾಯಿತು. ಮುಂದಿನ ಹುಡುಗನ ದನಿ ಬಂತು. ಇಷ್ಟೇ. ಎಣಿಸಿದರೆ ಅರ್ಧ ಮಿನೀಟು. ಮೆಟ್ಟಿಲ ಮೇಲಿನವರು ಬಿರ್ಯಾನಿಯ ಮಾತಿಗೆ ಗೊಳ್ಳೆಂದು ನಕ್ಕರು. ಹುಸೇನಬಿ ನಗುತ್ತಲೇ ಅಳುತ್ತಿದ್ದಳು. ಗುಲಾಬಸಾಬ ಮುಚ್ಚಿದ ಕಣ್ಣು ಇನ್ನೂ ತೆರೆದಿರಲಿಲ್ಲ, ಗಡ್ಡ ಒದ್ದೆಯಾಗಿತ್ತು.

ಎಂಟಕ್ಕೆ ಬಂದ ನೆಂಟರಿಗೆ ರೇಡಿಯೊ ಸಿಗಲಿಲ್ಲ, ಆದರೆ ಓಣಿಯವರು ಒಬ್ಬೊಬ್ಬರೂ ಗೌಸಮೊದ್ದೀನನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದರು. ಗೋದಾಬಾಯಿ ಅವರ ಮನೆಯಲ್ಲಿ ಊಟ ಮಾಡುವವಳಲ್ಲ ಎಂದು ಹುಸೇನಬಿಗೆ ಗೊತ್ತಿತ್ತು. ಒಂದು ಎಳನೀರು ಕೆತ್ತಿಸಿ ತಂದು ಕೈಗಿಟ್ಟಳು. ಗೋದಾಬಾಯಿ ಅಲ್ಲೇ ಹೊಸ್ತಿಲ ಬಳಿ ನಿಂತು ಕೊನೆಯ ಹನಿಯವರೆಗೆ ಕುಡಿದಳು.

ಮರುದಿನ ಸಾಲೆಗೆ ಹೋದವಳು ಕರಿಹಲಗೆಯ ಮೇಲೆ ಲಂಡನ್, ಹುಬ್ಬಳ್ಳಿ ಎಂದು ಎರಡು ಗಡಿಯಾರ ಬರೆದಳು. ತನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಲೆಕ್ಕ ಬಿಡಿಸಿ ತೋರಿಸಿದಳು. ಬಾಯಾರೂ ತಪ್ಪು ಮಾಡುತ್ತಾರೆಂಬುದೇ ಹುಡುಗಿಯರಿಗೆ ಹೆಚ್ಚಿನ ಸುದ್ದಿಯಾಯಿತು. ಅಂದಿನಿಂದ ಧೈರ್ಯವಾಗಿ ಕೈ ಎತ್ತುವವರು ಹೆಚ್ಚಾದರು.

ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ಬರತೊಡಗಿದರು. ಆಫ್ರಿಕಾದಲ್ಲಿದ್ದ ಸಿಪಾಯಿಯ ತಾಯಿ ಬಂದಳು, ಹಡಗಿನ ಮೇಲಿದ್ದವನ ತಮ್ಮ ಬಂದ. ನನ್ನ ಮಗ ಈಗ ಮಲಗಿರುತ್ತಾನೋ, ಎದ್ದಿರುತ್ತಾನೋ? ಹಲವರಿಗೆ ಅಷ್ಟು ತಿಳಿದರೆ ಸಾಕಾಗುತ್ತಿತ್ತು. ಗೋದಾಬಾಯಿ ಆ ದೇಶದ ಗಡಿಯಾರ ಯಾವಾಗ ಹಿಂದೆ ಮುಂದೆ ಆಗಿದೆ ಎಂದು ಪತ್ರಿಕೆಯಲ್ಲಿ ಹುಡುಕಿಯೇ ಉತ್ತರ ಹೇಳುತ್ತಿದ್ದಳು. ಅಂಬಾಬಾಯಿ ಬಂದವರಿಗೆಲ್ಲ ಮಣೆ ಹಾಕಿ, "ಕೂಡ್ರಿ, ನಿಮ್ಮ ಹುಡುಗ ಈಗ ಏನ ಮಾಡ್ಲಿಕತ್ತಾನ, ನನ್ನ ಸೊಸಿ ಹೇಳ್ತಾಳ" ಎಂದು ದೊಡ್ಡ ಬಿಂಕದಿಂದ ಹೇಳುತ್ತಿದ್ದಳು.

ಆ ವರ್ಷದ ದೀಪಾವಳಿಯ ಹೊತ್ತಿಗೆ ಗೌಸಮೊದ್ದೀನ ಊರಿಗೆ ಮರಳಿದ. ಮಾವನ ಮಗಳ ಲಗ್ನ ಅವನಿಗಾಗಿ ನಿಂತಿತ್ತು. ಲಗ್ನದ ಮರುದಿನ ತಂದೆಯ ಜೊತೆ ಮಾಳಮಡ್ಡಿಗೆ ಬಂದು ಬಾಯಾರಿಗೆ ಕೈ ಮುಗಿದ. ಕಟ್ಟೆಯ ಮೇಲೆ ಕುಳಿತು ಹಡಗಿನ ಕಥೆ, ಹಿಮದ ಕಥೆ ಹೇಳುತ್ತ ಹೇಳುತ್ತ ಮಧ್ಯಾಹ್ನವಾಯಿತು. ಅಂಬಾಬಾಯಿಗೆ ಅಡಿಗೆಯ ನೆನಪೇ ಹಾರಿತ್ತು.

"ಅಲ್ಲೋ ಹುಡುಗಾ," ಎಂದಳು ಅವಳು ಕೊನೆಗೆ, "ಆ ದೇಶದಾಗ ಬೇಸಿಗ್ಯಾಗ ಸೂರ್ಯ ಖರೇನs ರಾತ್ರಿ ಹತ್ತಕ್ಕ ಮುಳುಗ್ತಾನ?"

"ಹೌದ್ರಿ ಅಜ್ಜಿ, ನಾ ಕಣ್ಣಾರೆ ನೋಡೀನಿ."

"ಹಂಗಿದ್ರ ಅವರು ಸಂಜೀ ದೀಪ ಹಚ್ಚೂದು ಯಾವಾಗ?"

ಗೌಸಮೊದ್ದೀನ ತಲೆ ಕೆರೆದುಕೊಂಡು ಗೋದಾಬಾಯಿಯ ಕಡೆ ನೋಡಿದ. ಗೋದಾಬಾಯಿ ನಗುತ್ತ ಒಳಗೆ ಎದ್ದು ಹೋಗಿ ಎಲ್ಲರಿಗೂ ಚಹಾ ಇಟ್ಟಳು.