ಹತ್ತುವ ಲಾರಿಗೆ ದಾರಿ

ಶಿರಸಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ, ನನ್ನ ಇಂಟರ್‌ನೆಟ್ ಅಂಗಡಿಯಲ್ಲೇ ಕೂತು, ಆನ್‌ಲೈನಿನಲ್ಲಿ ಯಲ್ಲಾಪುರ ಕಡೆಯ ಒಂದು ಶಾಲೆಯ ಏಳನೇ ತರಗತಿಗೆ ವಿಡಿಯೋ ಗೇಮ್ ಮಾಡುವುದನ್ನು ಕಲಿಸುತ್ತಿದ್ದೆ. ಅಲ್ಲಿನ ಹೆಡ್‌ಮಾಸ್ತರರಲ್ಲಿ ಎಂಟು ಶನಿವಾರ ಕೇಳಿ ನಾಲ್ಕು ಪಡೆದಿದ್ದೆ. ಏನನ್ನಾದರೂ ಕೇಳುವಾಗ ಇಮ್ಮಡಿಯಾಗಿಯೇ ಕೇಳಬೇಕು, ನೆನಪಿಟ್ಟುಕೊಳ್ಳಿ.

ನಾಲ್ಕನೆಯ ಶನಿವಾರ ಹೆಡ್‌ಫೋನಿನಲ್ಲಿ ಹೆಡ್‌ಮಾಸ್ತರರ ದನಿಯೇ ಕೇಳಿತು. "ಆಟಕ್ಕೆ ಪಾಠ ಎಂತಕ್ಕೆ ಮಾರಾಯ್ರೆ? ಇವತ್ತಿಗೆ ಸಾಕು ಮಾಡುವ."

"ಮಕ್ಕಳು ಮಾಡಿದ ಒಂದು ಆಟ ಆಡಿ ಸರ್. ನೀವು ಗೆದ್ರೆ ನಿಲ್ಲಿಸುವ, ಸೋತ್ರೆ ಇನ್ನೂ ನಾಲ್ಕು ಶನಿವಾರ ಮುಂದುವರಿಸುವ," ಎಂದೆ.

ಅರಬೈಲಿನ ಹುಡುಗಿಯೊಬ್ಬಳು ಮಾಡಿದ್ದ ಆಟ ಅದು. ತುಂಬಿದ ಲಾರಿಯನ್ನು ಘಟ್ಟ ಇಳಿಸಬೇಕು. ಅವರ ಪರದೆ ನನಗೂ ಕಾಣುತ್ತಿತ್ತು. ಮಾಸ್ತರರು ಒಂದೊಂದೇ ತಿರುವನ್ನು ಸಲೀಸಾಗಿ ದಾಟುತ್ತಿದ್ದಂತೆ, ಪಾಠ ಇವತ್ತಿಗೇ ಮುಗಿಯಿತು ಅಂದುಕೊಂಡೆ. ಕೊನೆಯ ತಿರುವಿನಲ್ಲಿ ಎದುರಿನಿಂದ ಲಾರಿಯೊಂದು ಹತ್ತಿ ಬಂತು. ಮಾಸ್ತರರು ನಿಲ್ಲಿಸದೆ ಅದರ ಪಕ್ಕದಲ್ಲೇ ತಮ್ಮ ಲಾರಿ ನುಗ್ಗಿಸಿದರು. ತಕ್ಷಣ ಆಟ ಮುಗಿಯಿತು.

"ತಾಗಲೇ ಇಲ್ವಲ್ಲೇ!" ಎಂದರು ಮಾಸ್ತರರು.

"ತಾಗದಿದ್ರೂ ಸೋತ್ರಿ ಸರ್," ಎಂದಳು ಹುಡುಗಿ. "ಹತ್ತೋ ಗಾಡಿ ನಿಂತ್ರೆ ಲೋಡು ಹಿಂದೆ ಎಳೀತದೆ. ಇಳಿಯೋರೇ ನಿಂತು ದಾರಿ ಬಿಡ್ಬೇಕು. ಲಾರಿ ಓಡ್ಸೋ ನಮ್ಮಪ್ಪನ ಕೇಳಿ ಬೇಕಾದ್ರೆ."

ಆ ನಿಯಮವನ್ನು ನಾನು ಕಲಿಸಿರಲಿಲ್ಲ. ಗುಂಡಿ ಒತ್ತಿದರೆ ಲಾರಿ ಓಡುವಂತೆ ಮಾಡುವುದಷ್ಟೇ ನನ್ನ ಪಾಠವಾಗಿತ್ತು. ಆವತ್ತು ನನಗೆ ಹೆಮ್ಮೆಯಾಯಿತು.

ಮಕ್ಕಳು ಹೇಳಿದ ಪ್ರಕಾರ ಮಾಸ್ತರರು ಕನ್ನಡಕ ಒರೆಸಿಕೊಂಡರಂತೆ. ಆಮೇಲೆ ಅವರು ಹೇಳಿದ್ದು ನನಗೂ ಕೇಳಿಸಿತು. "ಮುಂದಿನ ಶನಿವಾರ ನಂಗೂ ಇಲ್ಲೊಂದು ಕುರ್ಚಿ ಹಾಕ್ರೋ."