ಹಿಡಿಯಬಾರದ ಚೆಂಡು

“ಅಯ್ಯೋ, ಅಗೀಬ್ಯಾಡ ಕಣವ್ವ, ನುಂಗು!”

ಗುಬ್ಬಿಯಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದು. ಕೊಪ್ಪಳದ ಕಡೆಯ ಹಳ್ಳಿಯಿಂದ ಸರ್ಕಾರಿ ಕೆಲಸದ ಆದೇಶ ಹಿಡಿದು ಬಂದ ದಿನ, ಬಾಡಿಗೆ ಮನೆಯ ಒಡತಿ ಗಂಗಮ್ಮ ಊಟಕ್ಕೆ ಕರೆದಿದ್ದರು. ಇಪ್ಪತ್ತಾರು ವರ್ಷ ಜೋಳದ ರೊಟ್ಟಿ ಅಗಿದು ಬೆಳೆದವಳು ನಾನು. ರಾಗಿ ಮುದ್ದೆಯನ್ನೂ ಹಾಗೇ ಅಗಿಯಲು ಹೋದೆ, ಹಲ್ಲಿಗೆಲ್ಲ ಮೆತ್ತಿಕೊಂಡಿತು. ಉಣ್ಣುವುದನ್ನೇ ಹೊಸದಾಗಿ ಕಲಿಯಬೇಕಾದ ಊರಿನಲ್ಲಿ ಬದುಕುವುದು ಹೇಗಪ್ಪಾ ಎನಿಸಿತು.

ಕಚೇರಿಯಲ್ಲಿ ಇನ್ನೊಂದು ಕಷ್ಟ. ನಾನು “ಹೌದ್ರಿ, ತರ್ತೀನ್ರಿ” ಎಂದರೆ ಸುತ್ತ ನಗು. ಕೆಟ್ಟ ನಗುವಲ್ಲ ಎಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ. ನಮ್ಮ ಕಡೆ ಮಾತಿಗೊಂದು ‘ರಿ’ ಹಚ್ಚುತ್ತೇವೆ. ಇಲ್ಲಿ ಸಲುಗೆ ಬೆಳೆದಷ್ಟೂ ಮಾತು ಮೊಟಕಾಗುತ್ತದೆ. ಜೊತೆಯ ಹೆಂಗಸರು ಒಬ್ಬರನ್ನೊಬ್ಬರು “ಬಾರೇ” ಎಂದು ಕರೆದು ರೆಕಾರ್ಡ್ ರೂಮಿನಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ನನ್ನನ್ನು ಯಾರೂ “ಬಾರೇ” ಎನ್ನಲಿಲ್ಲ. ನಾಲ್ಕು ತಿಂಗಳು ನನ್ನ ಮೇಜಿನಲ್ಲೇ ಡಬ್ಬಿ ಬಿಚ್ಚಿ ಒಬ್ಬಳೇ ಉಂಡೆ. ಊರಿನ ಹತ್ತಿರಕ್ಕೆ ವರ್ಗ ಕೇಳುವ ಅರ್ಜಿಯನ್ನು ತಂದು ಟ್ರಂಕಿನ ತಳದಲ್ಲಿ ಇಟ್ಟುಕೊಂಡೆ.

ಆ ರೆಕಾರ್ಡ್ ರೂಮಿನೊಳಕ್ಕೆ ನನ್ನನ್ನು ಕರೆದೊಯ್ದದ್ದು ಒಂದು ಸುಳ್ಳು. ಒಂದು ಮಧ್ಯಾಹ್ನ ನಮ್ಮ ಹಿರಿಯ ಸಹೋದ್ಯೋಗಿ ಸವಿತಾ ಮೇಡಂ ಬಾಗಿಲಲ್ಲಿ ನಿಂತು ಕೂಗಿದರು: “ತುಮ್ಕೂರಲ್ಲಿ ನೌಕರರ ಕ್ರೀಡಾಕೂಟ ಅಂತೆ. ಲೇಡೀಸ್ ವಾಲಿಬಾಲ್‌ಗೆ ಐದೇ ಜನ ಆಗಿದೀವಿ, ಇನ್ನೊಬ್ರು ಯಾರ್ ಬರ್ತೀರ್ರೇ?” ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದಿತು. “ಕಾಲೇಜಿನ್ಯಾಗ ಆಡಿದ್ದೆ ರಿ.”

ನಾನು ಕಾಲೇಜಿನಲ್ಲಿ ಆಡಿದ್ದು ಥ್ರೋಬಾಲ್. ಅದರಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎಸೆಯುತ್ತಾರೆ. ವಾಲಿಬಾಲಿನಲ್ಲಿ ಚೆಂಡು ಕೈಯಲ್ಲಿ ನಿಂತರೇ ತಪ್ಪು. ಅಂದಿನಿಂದ ಊಟಕ್ಕೆ ಜಾಗ ಸಿಕ್ಕಿತು, ಆದರೆ ತುತ್ತು ಇಳಿಯಲಿಲ್ಲ. ಸುಳ್ಳು ಬಯಲಾದರೆ ಮತ್ತೆ ಆ ಒಂಟಿ ಮೇಜು. ಈ ಸಲ ಜೊತೆಗೆ ‘ಸುಳ್ಳುಬುರುಕಿ’ ಎಂಬ ಹೆಸರು ಬೇರೆ. ಅಭ್ಯಾಸಕ್ಕೆ ಕರೆದಾರು ಎಂದು ದಿನವೂ ಹೆದರುತ್ತಿದ್ದೆ. ಸವಿತಾ ಮೇಡಂ ದಿನವೂ “ನಾಳೆ ಮಾಡೋಣ ಬುಡ್ರೇ” ಎನ್ನುತ್ತಿದ್ದರು. ‘ಬುಡಿ’ ಎಂದರೆ ‘ಬಿಡಿ’. ಆ ಪದ ಕೇಳಿದಾಗಲೆಲ್ಲ ನನಗೆ ಒಂದು ದಿನದ ಆಯಸ್ಸು ಸಿಕ್ಕಂತಾಗುತ್ತಿತ್ತು.

ಒಂದು ಚೆಂಡು ಕೊಂಡು ತಂದು ಮನೆಯ ಹಿತ್ತಲಿನ ಗೋಡೆಗೆ ಹೊಡೆಯತೊಡಗಿದೆ. ಮೂರನೆಯ ದಿನ ಗಂಗಮ್ಮ ತೆಂಗಿನಕಾಯಿ ಸಿಪ್ಪೆಯ ರಾಶಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಏನವ್ವಾ, ಗ್ವಾಡೆ ಏನ್ ಮಾಡ್ತು ನಿಂಗೆ?”

ಅಳು ಬಂತು. ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡರು.

“ಇಲ್ಲೇ ಪಕ್ಕದ ಕಡಬದಲ್ಲಿ ಸ್ಕೂಲ್ಗೆ ಹೋಗೋವಾಗ ಆಡ್ತಿದ್ದೆ ಕಣವ್ವ ನಾನು. ಕೆರೆ ಪಕ್ಕದ ಬಯಲಲ್ಲಿ. ಎಸಿ ಇಲ್ಲಿ.”

ಐವತ್ತೈದು ದಾಟಿದ ಹೆಂಗಸು ಮೊಣಕಾಲು ಬಗ್ಗಿಸಿ ನಿಂತ ರೀತಿ ನೋಡಿ ನನಗೆ ನಾಚಿಕೆಯಾಯಿತು. ಎರಡು ತೆಂಗಿನ ಮರಗಳ ನಡುವಿನ ಬಟ್ಟೆ ಒಣಗಿಸುವ ತಂತಿಯೇ ನಮ್ಮ ನೆಟ್ಟು. ಕೈ ಜೋಡಿಸಿ, ಎರಡೂ ಹೆಬ್ಬೆಟ್ಟು ಅಕ್ಕಪಕ್ಕ ಇಟ್ಟು, ಮುಂಗೈ ಮೇಲೆ ಚೆಂಡು ತೆಗೆದುಕೊಳ್ಳುವುದು ಮೊದಲ ಪಾಠ. ಮೂರು ಸಲ ಮುಟ್ಟುವುದರೊಳಗೆ ಚೆಂಡು ಆಚೆ ಹೋಗಬೇಕು, ಒಬ್ಬರೇ ಸತತ ಎರಡು ಸಲ ಮುಟ್ಟಬಾರದು. ನೆಟ್ಟು ತಾಗಬಾರದು. ಎದುರಾಳಿಯ ಸರ್ವಿಸು ನಮ್ಮ ಪಾಲಿಗೆ ಬಂದಾಗ ಆರೂ ಜನ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಯಬೇಕು. ನಾನೋ, ಬಂದ ಚೆಂಡನ್ನೆಲ್ಲ ತಬ್ಬಿಕೊಳ್ಳುತ್ತಿದ್ದೆ.

“ಹಿಡೀಬ್ಯಾಡ! ಕೈ ಮ್ಯಾಲೆ ಬೀಳಕ್ಕೆ ಬುಡು, ಅದೇ ಏಳ್ತದೆ. ಮತ್ತೆ ಬಾಯ್ಬುಟ್ಟು ‘ನಂದು’ ಅಂತ ಕೂಗು. ಕೂಗ್ದಿದ್ರೆ ಇಬ್ರೂ ಬಿದ್ದು ಹಲ್ಲು ಮುರ್ಕೋತೀರ.”

ಮುಂಗೈ ಕೆಂಪಾಗಿ ಊದಿತು. ಹದಿನೈದು ದಿನಕ್ಕೆ ಕೈ ಪಾಠ ಕಲಿಯಿತು. ಬಾಯಿ ಮಾತ್ರ ಕಲಿಯಲಿಲ್ಲ. ಕೂಗಿದರೆ ನಮ್ಮೂರ ಮಾತೇ ಬರುತ್ತದಲ್ಲ ಎಂಬ ಅಳುಕು.

ಒಂದು ದಿನವೂ ಅಭ್ಯಾಸ ಆಗಲೇ ಇಲ್ಲ. ಬೆನ್ನಿಗೆ ‘ಗುಬ್ಬಿ’ ಎಂದು ಬರೆದ ಟೀಶರ್ಟು ತೊಟ್ಟು ತುಮಕೂರಿನ ಮೈದಾನದಲ್ಲಿ ನಿಂತೆ. ಎದುರಿಗೆ ಕುಣಿಗಲ್ ತಂಡ. ಸೀಟಿ ಕೇಳಿಸಿತು, ಅವರ ಮೊದಲ ಸರ್ವಿಸು ತೇಲಿ ಬಂತು. ನಮ್ಮ ಕ್ಯಾಪ್ಟನ್ ಸವಿತಾ ಮೇಡಂ ಎರಡೂ ಕೈ ಚಾಚಿ ಚೆಂಡನ್ನು ಗಟ್ಟಿಯಾಗಿ ಹಿಡಿದು, ಠೀವಿಯಿಂದ ಆಚೆ ಎಸೆದರು.

ಮತ್ತೆ ಸೀಟಿ. ಪಾಯಿಂಟು ಅವರಿಗೆ. ಎರಡನೆಯ ಚೆಂಡನ್ನು ಇನ್ನೊಬ್ಬರು ಹಿಡಿದರು. ಆಗ ನನಗೆ ಹೊಳೆಯಿತು: ಇವರೆಲ್ಲ ನನ್ನ ಹಾಗೇ ವರ್ಷಗಟ್ಟಲೆ ಥ್ರೋಬಾಲ್ ಆಡಿದವರು!

“ನಿಯಮ ಗೊತ್ತು ಕಣ್ರೇ, ಕೈ ಕೇಳ್ಬೇಕಲ್ಲ!” ಎಂದು ಸವಿತಾ ಮೇಡಂ ಹಣೆ ಚಚ್ಚಿಕೊಂಡರು.

ಮುಂದಿನ ಚೆಂಡು ಅವರ ಕಡೆಗೇ ಹೊರಟಿತು. ಅವರ ಕೈ ಮತ್ತೆ ಚಾಚಿತು. ನನ್ನ ಬಾಯಿಯಿಂದ ಅಷ್ಟು ತಿಂಗಳ ಬೀಗ ಕಿತ್ತು ಬಂತು.

“ಹಿಡೀಬ್ಯಾಡ್ರೀ! ಬಿಡ್ರಿ, ನಂದೈತಿ!”

ಓಡಿ ಬಗ್ಗಿ ಮುಂಗೈ ಕೊಟ್ಟೆ. ಚೆಂಡು ಎದ್ದು ನೆಟ್ಟು ದಾಟಿ ಕುಣಿಗಲ್‌ನವರ ನಡುವೆ ಬಿತ್ತು. ಯಾರೂ ನಗಲಿಲ್ಲ. ಆಮೇಲೆ ಆಟ ಮುಗಿಯುವವರೆಗೂ ನಾನು ಕೂಗುತ್ತಲೇ ಇದ್ದೆ. ಹೀನಾಯವಾಗಿ ಸೋತೆವು, ಅದು ಬೇರೆ ಮಾತು.

ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಸವಿತಾ ಮೇಡಂ ಕೇಳಿದರು: “ಕಾಲೇಜಲ್ಲಿ ಎಷ್ಟ್ ವರ್ಷ ಆಡಿದ್ಯೇ ನೀನು?”

ಸುಳ್ಳು ಉಳಿಸಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ಆದರೂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ.

“ಕಾಲೇಜಿನ್ಯಾಗ ಆಡೇ ಇಲ್ರಿ ಮೇಡಂ. ನಿಮ್ಮ ಜೋಡಿ ಕೂಡ್ಬೇಕಂತ ಸುಳ್ಳು ಹೇಳಿದ್ದೆ. ಇಲ್ಲೇ ಗುಬ್ಬ್ಯಾಗ ಕಲ್ತೀನ್ರಿ.”

ಈಗ ಎಲ್ಲರೂ ಎದ್ದು ಹೋಗುತ್ತಾರೆ ಎಂದುಕೊಂಡೆ. ಸವಿತಾ ಮೇಡಂ ಚಟ್ನಿ ಬಟ್ಟಲನ್ನು ನನ್ನ ಕಡೆ ತಳ್ಳಿದರು.

“ಹಂಗಾದ್ರೆ ನಾಳೆಯಿಂದ ನಮ್ಗೂ ಕಲ್ಸು, ಬಾರೇ.”

ಪ್ರತಿ ಭಾನುವಾರ ಅವ್ವ ಫೋನಿನಲ್ಲಿ ಕೇಳುತ್ತಾಳೆ, “ಅರ್ಜಿ ಹಾಕ್ದೇನವ್ವಾ?” ಅವಳ ದನಿ ಕೇಳಿದರೆ ಈಗಲೇ ಬಸ್ಸು ಹತ್ತಬೇಕು ಎನಿಸುತ್ತದೆ. ಅರ್ಜಿ ಟ್ರಂಕಿನಲ್ಲೇ ಇದೆ. ಅದರ ಮೇಲೆ ಗುಬ್ಬಿಯ ಟೀಶರ್ಟು ಮಡಚಿಟ್ಟಿದ್ದೇನೆ. ಅರ್ಜಿ ತೆಗೆಯಬೇಕೆಂದರೆ ಮೊದಲು ಟೀಶರ್ಟು ಎತ್ತಬೇಕು. ಎರಡು ಸಲ ಎತ್ತಿದ್ದೇನೆ, ಎರಡು ಸಲವೂ ಹಾಗೇ ಮತ್ತೆ ಇಟ್ಟಿದ್ದೇನೆ.