ಕೆಂಪು ದಾರದ ರೇಡಿಯೊ ಚೀಲ

ಗಂಗುಲಪ್ಪನ ಹೊಟ್ಟೆಕಿಚ್ಚಿಗೆ ಒಂದು ಹೆಸರಿತ್ತು, ಒಂದು ಊರಿತ್ತು, ಓಡಾಡಲು ಒಂದು ಸ್ಕೂಟಿಯೂ ಇತ್ತು. ಹೆಸರು ಸಂಘಮಿತ್ರ, ಊರು ಶಿಡ್ಲಘಟ್ಟ. ಶನಿವಾರ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಆ ಸ್ಕೂಟಿ ಮಂಚೇನಹಳ್ಳಿ ಹೊರಗಿನ ಗ್ಲೈಡರ್ ಕ್ಲಬ್ಬಿನ ಮೈದಾನದ ಗೇಟು ದಾಟಿ ಬಂತೆಂದರೆ ಗಂಗುಲಪ್ಪನಿಗೆ ಕುಡಿದ ಕಾಫಿ ಕಹಿಯಾಗುತ್ತಿತ್ತು.

ಐವತ್ತಾರರ ಗಂಗುಲಪ್ಪ ಆ ಮೈದಾನಕ್ಕೆ ಎಲ್ಲರಿಗಿಂತ ಹಳಬ. ಗ್ಲೈಡರ್ ಎಂದರೆ ಇಂಜಿನ್ನೇ ಇಲ್ಲದ ವಿಮಾನ. ಮೈದಾನದ ಆ ತುದಿಯಲ್ಲಿ ವಿಂಚ್ ಎಂಬ ಯಂತ್ರ ಉದ್ದನೆಯ ತಂತಿಹಗ್ಗವನ್ನು ರಭಸದಿಂದ ಸುತ್ತಿಕೊಂಡರೆ, ಈ ತುದಿಯ ಗ್ಲೈಡರ್ ಗಾಳಿಪಟದ ಹಾಗೆ ಮೇಲೇಳುತ್ತದೆ. ಆಮೇಲೆ ಏರುಗಾಳಿ ಸಿಕ್ಕರೆ ಗಂಟೆಗಟ್ಟಲೆ ತೇಲುತ್ತದೆ, ಸಿಗದಿದ್ದರೆ ಯಾರದೋ ಹೊಲದಲ್ಲಿ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಹುಡುಕಿ, ಹೊಲದವರನ್ನು ಕನ್ನಡದಲ್ಲೋ ತೆಲುಗಿನಲ್ಲೋ ಸಮಾಧಾನ ಮಾಡಿ, ರೆಕ್ಕೆ ಬಿಚ್ಚಿ ಟ್ರೈಲರಿನಲ್ಲಿ ಹಾಕಿಕೊಂಡು ಬರುವುದು ಅವನ ಕೆಲಸ. ಮೊದಲ ಹತ್ತು ವರ್ಷ ವಿಂಚ್ ಓಡಿಸಿದ್ದ, ಆಮೇಲಿನ ಹನ್ನೆರಡು ವರ್ಷ ಜೀಪು. ಆ ಹನ್ನೆರಡು ವರ್ಷವೂ ಕ್ಲಬ್ಬಿನ ಕೈ ರೇಡಿಯೊ ಅವನ ಎದೆಯ ಮೇಲೇ ತೂಗಾಡಿತ್ತು. ಅದಕ್ಕೆ ಹೆಂಡತಿ ಅಕ್ಕಯ್ಯಮ್ಮ ಕೆಂಪು ಉಲ್ಲನ್ ದಾರದಲ್ಲಿ ಒಂದು ಚೀಲ ಹೆಣೆದುಕೊಟ್ಟಿದ್ದಳು. ಕ್ಲಬ್ಬಿನ ಸೆಟ್ಟು ಎಂದು ಯಾರೂ ಅನ್ನುತ್ತಿರಲಿಲ್ಲ, ಗಂಗುಲಪ್ಪನ ಸೆಟ್ಟು ಎಂದೇ ಅನ್ನುತ್ತಿದ್ದರು.

ಆ ಸೆಟ್ಟು ಈಗ ಮುದಿಯಾಗಿತ್ತು. ಹೊಸದು ಆರಿಸುವ ಕೆಲಸವನ್ನು ಕ್ಲಬ್ಬಿನ ಮುಖ್ಯಸ್ಥ, ಹಿರಿಯ ಪೈಲಟ್ ರಮೇಶ್‌ಬಾಬು ಯಾರಿಗೆ ಕೊಡಬೇಕಿತ್ತು? ಗಂಗುಲಪ್ಪನ ಪ್ರಕಾರ ಇದು ಕೇಳುವ ಪ್ರಶ್ನೆಯೇ ಅಲ್ಲ. ಕೊಟ್ಟದ್ದು ಮಾತ್ರ ಸಂಘಮಿತ್ರಳಿಗೆ. ಅವಳು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವಳು, ಕ್ಲಬ್ಬಿಗೆ ಸೇರಿ ಎಂಟು ತಿಂಗಳಾಗಿತ್ತು ಅಷ್ಟೆ. ಎಂಟು ತಿಂಗಳು! ಗಂಗುಲಪ್ಪನ ಚಪ್ಪಲಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ ಎಂದು ಅವನು ವಾರವಿಡೀ ಒಳಗೊಳಗೇ ಉರಿದುಕೊಂಡ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹತ್ತು ವರ್ಷ ವಿಂಚಿನ ಅಬ್ಬರದ ಪಕ್ಕ ಕೂತ ಕಿವಿ ಎರಡು ವರ್ಷದಿಂದ ಕೈಕೊಡುತ್ತಿತ್ತು. ಎದುರಿಗೆ ನಿಂತು ಮಾತಾಡಿದರೆ ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದ. ರೇಡಿಯೊಗೆ ಬಾಯೆಲ್ಲಿ? ಅದರಿಂದ ಬರುತ್ತಿದ್ದದ್ದು ಗೊರಗೊರ ಸದ್ದು ಮಾತ್ರ. ಆದರೂ ಒಂದು ದಿನವೂ ಸಿಕ್ಕಿಬಿದ್ದಿರಲಿಲ್ಲ. ಪೈಲಟ್ಟುಗಳು ಮೇಲಿಂದ ಹೇಳುವುದು ತಾವು ಯಾವ ಊರಿನ ಮೇಲಿದ್ದೇವೆ ಎಂದು ತಾನೇ? ಗಂಗುಲಪ್ಪ ಕತ್ತೆತ್ತಿ ನೋಡುತ್ತಿದ್ದ, ಊರು ಗೊತ್ತಾಗುತ್ತಿತ್ತು, ಕೇಳಿಸಿತು ಎನ್ನಲು ಗುಂಡಿ ಒತ್ತಿ "ರೋಜರ್ ಸಾರ್" ಅನ್ನುತ್ತಿದ್ದ.

ಮುಂದಿನ ಶನಿವಾರ ಷೆಡ್ಡಿನ ಮೇಜಿನ ಮೇಲೆ ಮೂರು ಹೊಸ ಸೆಟ್ಟು ಕೂತಿದ್ದವು. ಒಂದಕ್ಕೆ ಹೆಡ್‌ಸೆಟ್ ಸಿಕ್ಕಿಸುವ ಜಾಗವೇ ಇರಲಿಲ್ಲ. ಬೇಕಾದಾಗ ಗ್ಲೈಡರಿಗೂ ಅದೇ ಸೆಟ್ಟು ಹೋಗಬೇಕು, ಅಲ್ಲಿ ಒಂದು ಕೈ ಸದಾ ನಡೆಸುವ ಕೋಲಿನ ಮೇಲಿರಬೇಕು, ಸೆಟ್ಟು ಹಿಡಿದು ಕೂರಲು ಆಗುವುದಿಲ್ಲವೆಂದು ಸಂಘಮಿತ್ರ ಅದನ್ನು ಬದಿಗಿಟ್ಟಳು. ಉಳಿದದ್ದು ಎರಡು. ತೆಳ್ಳಗಿನದಕ್ಕೆ ದೊಡ್ಡ ಪರದೆ, ಅಂಗೈಯಲ್ಲಿ ಹಗುರ, ಆದರೆ ಚಾರ್ಜರಿಗೆ ಹಾಕಿಯೇ ಜೀವ ತುಂಬಬೇಕು. ದಪ್ಪನೆಯದು ಇಟ್ಟಿಗೆಯಂಥದು, ಅದರ ಬ್ಯಾಟರಿ ತೆಗೆದು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನೂ ಹಾಕಬಹುದಿತ್ತು.

"ಗಂಗುಲಪ್ಪಣ್ಣ, ಇದನ್ನ ಹೆಚ್ಚು ಬಳ್ಸಿರೋರು ನೀವು. ನಂಗೆ ತೆಳ್ಳಗಿರೋದೇ ವಾಸಿ ಅನ್ನಿಸ್ತಿದೆ. ನೀವೇನಂತೀರ?"

ಗಂಗುಲಪ್ಪನಿಗೆ ಕೆಂಚಾರ್ಲಹಳ್ಳಿಯ ರಾಗಿ ಹೊಲ ನೆನಪಾಯಿತು. ಮೂರು ವರ್ಷದ ಹಿಂದೆ ಗ್ಲೈಡರ್ ಅಲ್ಲಿ ಇಳಿದಾಗ ಸೆಟ್ಟಿನ ಬ್ಯಾಟರಿ ಸತ್ತುಹೋಗಿತ್ತು, ಊರಲ್ಲಿ ಕರೆಂಟಿರಲಿಲ್ಲ. ಪೆಟ್ಟಿಗೆ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಕೊಂಡು ಹಾಕಿದ ಮೇಲೆಯೇ ಮೇಲೆ ಹಾರುತ್ತಿದ್ದ ಇನ್ನೊಂದು ಗ್ಲೈಡರಿಗೆ ಸುದ್ದಿ ಮುಟ್ಟಿಸಲಾದದ್ದು. ದಪ್ಪನೆಯದೇ ಸರಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು.

"ನನಗೇನ್ ಗೊತ್ತಾಗ್ತದೆ? ಏಳನೇ ಕ್ಲಾಸು ಓದಿರೋನು ನಾನು. ನೀವು ಮೇಡಮ್ಮು, ನೀವೇ ನೋಡ್ಕೊಳಿ" ಎಂದು ಜೀಪು ಒರೆಸಲು ಹೋದ. ಬೀಳಲಿ ಹಳ್ಳಕ್ಕೆ, ಆಮೇಲೆ ಗೊತ್ತಾಗುತ್ತೆ ಗಂಗುಲಪ್ಪ ಯಾರು ಅಂತ! ಹೀಗಂದುಕೊಂಡಾಗ ಅವನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದ.

ಸಂಘಮಿತ್ರ ಪರೀಕ್ಷೆ ಇಟ್ಟಳು. ರಮೇಶ್‌ಬಾಬು ಗ್ಲೈಡರಿನಲ್ಲಿ ಮೇಲೆ ಹೋಗಿ ಐದು ಮಾತು ಹೇಳುವುದು, ಕೆಳಗಿದ್ದವರು ಕೇಳಿಸಿದ್ದನ್ನು ಬರೆದುಕೊಳ್ಳುವುದು. ವಿಂಚಿನ ನರಸಿಂಹಪ್ಪ ಮೈದಾನದಲ್ಲಿ, ಗಂಗುಲಪ್ಪ ದೂರದ ಕೆರೆ ಏರಿಯ ಮೇಲೆ. ಒಂದು ಸುತ್ತು ಆದಮೇಲೆ ಇಬ್ಬರೂ ಸೆಟ್ಟು ಅದಲುಬದಲು ಮಾಡಿಕೊಂಡು ಇನ್ನೊಂದು ಸುತ್ತು.

ಏರಿಯ ಮೇಲೆ ನಿಂತ ಗಂಗುಲಪ್ಪನ ಕೈಯಲ್ಲಿ ತೆಳ್ಳಗಿನದು ಗೊರಗೊರ ಎಂದಿತು. ಅವನು ಕತ್ತೆತ್ತಿದ. ಗ್ಲೈಡರ್ ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನ ಮೇಲೆ ತಿರುಗುತ್ತಿತ್ತು. "ಮಂಚೇನಹಳ್ಳಿ" ಎಂದು ಬರೆದ. ಬಂಡೆ ಗುಡ್ಡದ ಕಡೆ ಹೋಯಿತು, "ಗುಡ್ಡ" ಎಂದು ಬರೆದ. ಗೌರಿಬಿದನೂರು ರಸ್ತೆ, ಕೆರೆ ಕೋಡಿ, ಮೈದಾನ. ಜೀಪಿನಲ್ಲಿ ಹೋಗಿ ಸೆಟ್ಟು ಬದಲಿಸಿಕೊಂಡು ಬಂದು ಇನ್ನೂ ಐದು ಬರೆದ. ಹತ್ತಕ್ಕೆ ಹತ್ತು! ಆ ಹುಡುಗಿಯ ಮುಖ ಸಣ್ಣದಾಗುವುದನ್ನು ನೆನೆದು ಖುಷಿಯಿಂದ ಜೀಪು ಓಡಿಸಿಕೊಂಡು ಬಂದ.

ರಮೇಶ್‌ಬಾಬು ಇಳಿದು ಬಂದ ಮೇಲೆ ಹೊಂಗೆ ಮರದ ಕೆಳಗೆ ಸಂಘಮಿತ್ರ ಮೊದಲು ನರಸಿಂಹಪ್ಪನ ಚೀಟಿ ಓದಿದಳು. "ಹುಣಸೆಹಣ್ಣು, ಬುಧವಾರ, ಕೊಡೆ, ಮೂವತ್ತೇಳು, ಸೋದರತ್ತೆ. ಎಲ್ಲಾ ಸರಿ. ಎರಡ್ನೇ ಸುತ್ತಿನ ಐದೂ ಸರಿ. ಊಹೆ ಮಾಡಕ್ಕೆ ಆಗ್ದೇ ಇರ್ಲಿ ಅಂತ ಸಂಬಂಧ ಇಲ್ದಿರೋ ಮಾತು ಬರ್ಕೊಟ್ಟಿದ್ದೆ" ಎಂದು ನಕ್ಕಳು.

ಗಂಗುಲಪ್ಪ ತನ್ನ ಚೀಟಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದ. ಅವನ ಚೀಟಿ ಆಗಲೇ ಅವಳ ಕೈಯಲ್ಲಿತ್ತು. ಅವಳು ಓದಿದಳು, ಅವನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ. ಈಗ ಓದುತ್ತಾಳೆ, ಎಲ್ಲರೂ ನಗುತ್ತಾರೆ, ಇಪ್ಪತ್ತೆರಡು ವರ್ಷದ ಅನ್ನ ಇವತ್ತಿಗೆ ಮುಗಿಯಿತು ಎಂದುಕೊಂಡ.

ಅವಳು ಚೀಟಿಯನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. "ಸಾರ್, ಗಂಗುಲಪ್ಪಣ್ಣನ ಕಡೆ ಸಿಗ್ನಲ್ ಬಂದಂಗಿಲ್ಲ. ಕೆರೆ ಏರಿ ಅಡ್ಡ ಆಗಿರ್ಬೇಕು. ಅವ್ರ ಚೀಟಿ ಬಿಟ್ಬಿಡೋಣ."

ಅವಳ ತುಟಿ ನೋಡುತ್ತಿದ್ದ ಗಂಗುಲಪ್ಪನಿಗೆ ಒಂದಕ್ಷರವೂ ತಪ್ಪಲಿಲ್ಲ. ಮೊದಲು ಜೀವ ಬಂತು. ಮರುಕ್ಷಣವೇ ಮೈಯೆಲ್ಲ ಉರಿಯಿತು. ಅವಳು ಸೆಟ್ಟು ಕಿತ್ತುಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ನಾಳೆಯಿಂದ ಆ ಸ್ಕೂಟಿ ಗೇಟು ದಾಟಿದಾಗಲೆಲ್ಲ ತಾನು ಅವಳ ಕರುಣೆಯ ಕೂಳು ತಿನ್ನುವವನು. ಎಂಟು ತಿಂಗಳವಳ ಭಿಕ್ಷೆ!

"ಸುಳ್ಳು ಸಾರ್" ಎಂದ. ಗಂಟಲು ಬೇಕಾದದ್ದಕ್ಕಿಂತ ಜೋರಾಯಿತು. "ಏರಿ ಹೆಂಗ್ ಅಡ್ಡ ಬರ್ತದೆ? ನಾನು ನಿಂತಿದ್ದೇ ಏರಿ ಮೇಲೆ. ನನಗೆ ಕೇಳಿಸ್ಲಿಲ್ಲ. ಇವತ್ತಲ್ಲ, ಎರಡು ವರ್ಷದಿಂದ ರೇಡಿಯೊ ಸರಿಯಾಗಿ ಕೇಳಿಸ್ತಿಲ್ಲ."

ಯಾರೂ ನಗಲಿಲ್ಲ. ರಮೇಶ್‌ಬಾಬು ಹಿಂದಿನದನ್ನು ಲೆಕ್ಕ ಹಾಕಿದ. "ಹೋದ ಮಾರ್ಚಲ್ಲಿ ಕಳವಾರದ ಹತ್ರ ಇಳೀತಿದೀನಿ ಅಂದ್ನಲ್ಲ. ನಾನು ಇಳಿದ ಸ್ವಲ್ಪ ಹೊತ್ತಿಗೇ ಬಂದ್ಬಿಟ್ಟೆಯಲ್ಲಯ್ಯ?"

"ನೀವು ಅಂದಿದ್ದು ಕೇಳಿಸ್ಲಿಲ್ಲ ಸಾರ್. ಗ್ಲೈಡರ್ ತಗ್ಗಿದ್ದು ಕಾಣಿಸ್ತು. ಬಂದೆ."

"ಹಗ್ಗ ಸಿಕ್ಕಾಕ್ಕೊಂಡು, ವಿಂಚ್ ಸ್ಟಾಪ್ ಮಾಡ್ಸು ಅಂತ ನಾನು ನಿನ್ ಸೆಟ್ಟಿಗೆ ಕೂಗಿದ್ದಿದ್ರೆ?"

ಗಂಗುಲಪ್ಪ ಕೊರಳಿಂದ ಕೆಂಪು ಚೀಲವನ್ನು ಸೆಟ್ಟಿನ ಸಮೇತ ತೆಗೆದು ರಮೇಶ್‌ಬಾಬುವಿನ ಕೈಗಿಟ್ಟ. ಆಮೇಲೆ, ಹೇಗೂ ಮಾನ ಹೋಗಿದೆ ಎಂದು, ಹೊಟ್ಟೆಯಲ್ಲಿದ್ದ ಉಳಿದದ್ದನ್ನೂ ಕಕ್ಕಿದ. "ಆ ತೆಳ್ಳಗಿರೋದು ಬೇಡ. ಕೆಂಚಾರ್ಲಹಳ್ಳಿ ಹೊಲದಲ್ಲಿ ಚಾರ್ಜರ್ ಎಲ್ಲಿ ಚುಚ್ತೀರಿ? ಸೆಲ್ ಹಾಕೋದೇ ತಗೊಳ್ಳಿ. ಬೆಳಿಗ್ಗೆನೇ ಗೊತ್ತಿತ್ತು ನನಗೆ, ಬೇಕಂತಲೇ ಹೇಳ್ಲಿಲ್ಲ."

ಸಂಘಮಿತ್ರ ಪುಸ್ತಕ ತೆಗೆದು ಬರೆದುಕೊಂಡಳು. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ, ಅದಕ್ಕೂ ಅವನಿಗೆ ಸಿಟ್ಟು ಬಂತು. ದಪ್ಪನೆಯ ಸೆಟ್ಟೇ ಎಂದು ತೀರ್ಮಾನವಾಯಿತು. ಜೀಪು ಗಂಗುಲಪ್ಪನದೇ, ಆಕಾಶ ನೋಡುವ ಕೆಲಸವೂ ಅವನದೇ. ಪಕ್ಕದ ಸೀಟಿನಲ್ಲಿ ರೇಡಿಯೊ ಹಿಡಿದು ಕೂರುವವಳು ಸಂಘಮಿತ್ರ. ಹೋಗುವಾಗ ರಮೇಶ್‌ಬಾಬು ಎದುರಿಗೆ ಬಂದು ನಿಂತು, ಕಿವಿ ಡಾಕ್ಟರಿಗೆ ತೋರಿಸಬೇಕು ಎಂದು ನಿಧಾನವಾಗಿ ಹೇಳಿದ.

ಸಂಜೆ ಮನೆಗೆ ಬಂದ ಗಂಗುಲಪ್ಪ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಅಕ್ಕಯ್ಯಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಎರಡು ವರ್ಷದಿಂದ ಒಲೆ ಮುಂದಿನಿಂದ ಎದ್ದುಬಂದು ನಿಮ್ಮೆದುರಿಗೇ ನಿಂತು ಮಾತಾಡ್ತಿದೀನಲ್ಲ, ನನ್ ಕಾಲಿಗೇನು ಕೆಲಸ ಇಲ್ಲ ಅನ್ಕೊಂಡ್ರಾ?" ಎಂದಳು.

ಅವನು ಗೆರೆ ಎಳೆದಿದ್ದ ಒಂದು ಕಾಗದ ಮುಂದಿಟ್ಟ. ಹೊಸ ಸೆಟ್ಟಿನ ಉದ್ದ, ಅಗಲ, ದಪ್ಪ.

"ಚೀಲ ಹೆಣೀಬೇಕು."

"ಯಾರಿಗೆ?"

"ಆ ಹುಡುಗೀಗೆ. ಬರೀ ಕೈಯಲ್ಲಿ ಹಿಡ್ಕೊಂಡು ಜೀಪಲ್ಲಿ ಕೂತ್ರೆ ಮೊದಲ್ನೇ ಗುಂಡಿಗೇ ಕೆಳಗೆ ಹಾಕ್ತಾಳೆ."

ಅಕ್ಕಯ್ಯಮ್ಮ ಬೀರುವಿನಿಂದ ಉಲ್ಲನ್ ಉಂಡೆಗಳ ಕವರು ತಂದು ಕೆಂಪನೆಯದನ್ನು ಹೊರತೆಗೆದಳು. ಗಂಗುಲಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕವರಿನ ತಳಕ್ಕೆ ತುರುಕಿದ.

"ನೀಲಿ ಹಾಕು, ಹಸಿರು ಹಾಕು, ಏನಾದ್ರೂ ಹಾಕು" ಎಂದ. "ಕೆಂಪು ನಂದು."